ದಿಲ್ಲಿಗೊಂದು, ಹೈದರಾಬಾದಿಗೊಂದು

೧೯೭೮ರ ಏಪ್ರಿಲಿನಲ್ಲಿ ಆಂಧ್ರದ ಗಡಿಯ ಹಾಲಹರವಿ ಹತ್ತಿರದ ಹಳ್ಳಿಯೊಂದರ ಶಾಲೆಗೆ ಆದೇಶ ಬಂತು. ಕನ್ನಡ ಕಲಿಸುವ ಮಥುರಾಬಾಯಿ ಜುಲೈ ಕೊನೆಗೆ ನಿವೃತ್ತರಾದ ಮೇಲೆ ಅವರ ಜಾಗಕ್ಕೆ ಯಾರನ್ನೂ ಹಾಕುವುದಿಲ್ಲ, ಮಕ್ಕಳೆಲ್ಲ ತೆಲುಗು ತರಗತಿಗೆ ಸೇರಬೇಕು.

ಸುದ್ದಿ ತಿಳಿದದ್ದೇ ಕೂಲಿ ಮಾಡುವ ಗಾದಿಲಿಂಗಮ್ಮ ಹೊಲದಿಂದ ನೇರ ಶಾಲೆಗೆ ಬಂದಳು. ಅವಳ ಕಿರಿಯ ಮಗಳು ಎರಡನೇ ತರಗತಿಯಲ್ಲಿದ್ದಳು. ಹಿರಿಯವಳು ಬಸಲಿಂಗಮ್ಮ, ಹಿಂದೆ ಕೂಲಿಗೆಂದು ಹೋಗಿದ್ದ ಬೇರೆ ಊರಿನ ತೆಲುಗು ಶಾಲೆಯಲ್ಲಿ ಏನೂ ತಿಳಿಯದೆ ಮೂರೇ ತಿಂಗಳಲ್ಲಿ ಬಿಟ್ಟು, ಈಗ ತಾಯಿಯ ಜೊತೆ ಕಳೆ ತೆಗೆಯುತ್ತಿದ್ದಳು.

"ತೆಲುಗು ಬ್ಯಾಡ ಅನ್ನಂಗಿಲ್ಲ ಟೀಚರಮ್ಮ, ಸಂತಿಗೂ ಬೇಕು, ಬೀಗರಿಗೂ ಬೇಕು. ಮೊದಲ ನಾಕಕ್ಷರ ಮನಿ ಮಾತಿನಾಗ ಬರಲಿ. ಈ ಸಾಲಿ ಯಾರದೈತಿ?"

"ಮೊದಲ ಹೈದರಾಬಾದಿನವರದೇ ಇತ್ತು. ಹೋದ ವರ್ಷದಿಂದ ಕಾಯ್ದೆ ಬದಲಾಗೇದ, ಓದಿನ ವಿಷಯದಾಗ ದಿಲ್ಲಿಯವರಿಗೂ ಅಧಿಕಾರ ಬಂದದ."

"ಇಬ್ಬರದೂ ಆದ್ರ ಇಬ್ಬರಿಗೂ ಬರೀರಿ."

ಪಿಂಚಣಿ ಬರುವ ಹೊತ್ತಿನಲ್ಲಿ ಆದೇಶದ ವಿರುದ್ಧ ಬರೆಯಲು ಮಥುರಾಬಾಯಿಗೆ ಅಳುಕಾಯಿತು. ಆದರೂ ಎರಡು ಅರ್ಜಿ ಬರೆದು, ತಾಯಂದಿರ ಹೆಬ್ಬೆಟ್ಟು ಹಾಕಿಸಿ ಕಳಿಸಿದರು.

ಜೂನಿನಲ್ಲಿ ಎರಡೂ ಉತ್ತರ ಬಂದವು. ಚಿಕ್ಕ ಮಕ್ಕಳಿಗೆ ತಾಯಿನುಡಿಯಲ್ಲಿ ಕಲಿಸಬೇಕೆಂದು ಸಂವಿಧಾನವೇ ಹೇಳುತ್ತದೆ, ಆದರೆ ಏರ್ಪಾಡು ರಾಜ್ಯದ್ದು ಎಂದು ದಿಲ್ಲಿ ಬರೆದಿತ್ತು. ನಲವತ್ತು ಮಕ್ಕಳು ಕನ್ನಡ ಕೇಳಿದರೆ ಶಿಕ್ಷಕರನ್ನು ಕೊಡುತ್ತೇವೆ ಎಂದು ಹೈದರಾಬಾದ್ ಬರೆದಿತ್ತು. ಹಾಜರಿ ಪುಸ್ತಕದಲ್ಲಿದ್ದವರು ಮೂವತ್ತೊಂದು.

"ಒಂಬತ್ತೇನು, ಹತ್ತು ತರತೀನಿ" ಎಂದು ಗಾದಿಲಿಂಗಮ್ಮ ಮನೆ ಮನೆ ಹತ್ತಿದಳು. ಎಂಟು ಮಕ್ಕಳು ಸಿಕ್ಕರು. ನೆರೆಮನೆಯ ಲಿಂಗಕ್ಕ ಮಾತ್ರ ಒಪ್ಪಲಿಲ್ಲ.

"ನನ್ನ ಮಗಳು ಸಾಲಿಗಿ ಬಂದ್ರ ಕೂಸಿನ್ನ ಯಾರು ಎತ್ಕೊಂತಾರ?"

"ಕೂಸಿನ್ನೂ ಕರಕೊಂಡು ಬರಲಿ, ಟೀಚರಮ್ಮ ಬ್ಯಾಡ ಅನ್ನಂಗಿಲ್ಲ."

"ಮಂದಿ ಮಕ್ಕಳನ್ನ ಕೇಳಾಕಿ, ನಿನ್ನ ಬಸಲಿಂಗಿ ಎಲ್ಲಿ ಅದಾಳ?"

ಗಾದಿಲಿಂಗಮ್ಮ ನೇರ ಮನೆಗೆ ನಡೆದಳು. ಮಗಳು ಕಳೆ ತೆಗೆಯುವ ಕುಡುಗೋಲನ್ನು ಸೂರಿಗೆ ಸಿಕ್ಕಿಸಿದಳು. ಮರುದಿನ ಹನ್ನೊಂದು ವರ್ಷದ ಬಸಲಿಂಗಮ್ಮ ಒಂದನೇ ತರಗತಿಯ ಪುಟ್ಟ ಮಕ್ಕಳ ನಡುವೆ ನಾಚಿಕೊಂಡು ಕೂತಿದ್ದಳು. ಅದನ್ನು ನೋಡಿದ ಲಿಂಗಕ್ಕನೂ ಮಗಳನ್ನು ಕಳಿಸಿದಳು, ಕೂಸಿನ ಸಮೇತ. ಮಥುರಾಬಾಯಿ ಪಡಸಾಲೆಯಲ್ಲಿ ಕೂಸಿಗೆ ಸೀರೆಯ ಜೋಲಿ ಕಟ್ಟಿಕೊಟ್ಟರು.

ಜುಲೈಯಲ್ಲಿ ಆದವಾನಿಯಿಂದ ಶಾಲೆಗಳ ಇನ್ಸ್‌ಪೆಕ್ಟರ್ ಬಂದರು. ಬರೀ ಹೆಸರು ತುಂಬಿಸಿರಬಹುದೆಂದು ಅವರಿಗೆ ಅನುಮಾನ. ತಲೆ ಎಣಿಸಿದರು, ನಲವತ್ತೊಂದಿತ್ತು. ದೊಡ್ಡ ಹುಡುಗಿಯನ್ನು ಎಬ್ಬಿಸಿ, ಇಷ್ಟು ದಿನ ಬಿಟ್ಟು ಈಗ ಏಕೆ ಬಂದೆ ಎಂದು ತೆಲುಗಿನಲ್ಲಿ ಕೇಳಿದರು.

ಬಸಲಿಂಗಮ್ಮ ತಲೆ ತಗ್ಗಿಸಿಯೇ ಕನ್ನಡದಲ್ಲಿ ಹೇಳಿದಳು: "ಇಲ್ಲಿ ಹೇಳಿದ್ದು ತಿಳೀತೈತಿ, ಸಾರ್."

ಇನ್ಸ್‌ಪೆಕ್ಟರ್ ನಕ್ಕರು. "ಸರೇಮ್ಮಾ, ಮೂರನೇ ಕ್ಲಾಸಿನಿಂದ ತೆಲುಗೂ ಓದಬೇಕು" ಎಂದರು. ಅವಳು ತಲೆಯಾಡಿಸಿದಳು. ಅವರು ಅಲ್ಲೇ ನಿಂತು ಕನ್ನಡ ಶಿಕ್ಷಕರಿಗಾಗಿ ಶಿಫಾರಸು ಬರೆದರು.

ಆಗಸ್ಟಿನ ಮೂರನೇ ವಾರ ಸೇತುಮಾಧವ ಎಂಬ ಎಳೆಯ ಕನ್ನಡ ಮಾಸ್ತರು ಬಸ್ಸಿಳಿದರು. ಅಲ್ಲಿಯ ತನಕ ನಿವೃತ್ತ ಮಥುರಾಬಾಯಿ ದಿನವೂ ಬಂದು, ಹೊಸ ಹುಡುಗಿಯರಿಗೆ ಕಾಗುಣಿತ ತಿದ್ದಿಸುತ್ತಿದ್ದರು.