ನಿಂತು ಪ್ರಯಾಣ ಮಾಡಕೂಡದು

"ಕೂತ್ಕೊಳ್ಳೋ ಅಂದ್ರೆ ಕಂಬ ತಬ್ಕೊಂಡು ನಿಂತಿದೀಯಲ್ಲೋ ಬೋಳಿಮಗನೆ! ಸೀಟೇನು ಕಚ್ಚುತ್ತಾ?"

ಕಂಡಕ್ಟರ್ ದಸ್ತಗೀರ್ ಟಿಕೆಟ್ಟಿಗೆ ತೂತು ಹೊಡೆಯುವ ಕತ್ತರಿಯಿಂದ ಮುನಿಆಂಜಿನಪ್ಪನ ಭುಜಕ್ಕೆ ಕುಟ್ಟಿದ. ಮುನಿಆಂಜಿನಪ್ಪನಿಗೆ ಬೈಗುಳವೇನೂ ಹೊಸದಲ್ಲ. ಏಳೋ ಎಂದು ಬೈಸಿಕೊಂಡಿದ್ದ, ಅತ್ಲಾಗೆ ಹೋಗೋ ಎಂದು ಬೈಸಿಕೊಂಡಿದ್ದ, ನೆರಳು ಬೀಳುತ್ತೆ ಸರಿಯೋ ಎಂದೂ ಬೈಸಿಕೊಂಡಿದ್ದ. ಕೂತ್ಕೋ ಎಂದು ಬೈಸಿಕೊಂಡದ್ದು ಹುಟ್ಟಿದಾರಭ್ಯ ಇದೇ ಮೊದಲು. ಹಾಗಾಗಿ ಇದಕ್ಕೆ ಹೇಗೆ ಹೆದರಬೇಕೆಂದು ಅವನಿಗೆ ತಿಳಿಯಲಿಲ್ಲ.

"ನಿಂತೇ ಬತ್ತೀನಿ ಸಾಮಿ. ನಂಗೆ ಅಬ್ಯಾಸ ಐತೆ."

"ನಿನ್ ಅಭ್ಯಾಸ ಕಟ್ಕೊಂಡು ನನಗೇನೋ? ಬೋರ್ಡ್ ನೋಡು! ನಿಂತು ಪ್ರಯಾಣ ಮಾಡಕೂಡದು! ಮೊನ್ನೆ ಚೆಕಿಂಗ್ ಇನ್ಸ್‌ಪೆಕ್ಟರ್ ಬಂದು ಏನಂದ ಗೊತ್ತಾ?" ದಸ್ತಗೀರ್ ಮೂಗು ಹಿಡಿದುಕೊಂಡು ಇನ್ಸ್‌ಪೆಕ್ಟರನ ದನಿ ಅಣಕಿಸಿದ. "'ದಸ್ತಗೀರ್, ಇದು ಬಸ್ಸೋ ಬದನೇಕಾಯಿ ಗಾಡಿಯೋ? ಇನ್ನೊಬ್ಬ ನಿಂತಿದ್ದು ಕಂಡ್ರೆ ನೀನು ಮನೇಲಿ ಕೂತಿರ್ತೀಯ!' ನಿನ್ನನ್ನ ನಿಲ್ಲಿಸಿ ನಾನು ಮನೇಲಿ ಕೂರ್ಲಾ? ಕೂರೋ!"

ಮುನಿಆಂಜಿನಪ್ಪ ಕೂತ. ಕೂತ ಎಂದರೆ, ಅಂಡು ಸೀಟಿಗೆ ತಾಗಿತು ಅಷ್ಟೇ; ಭಾರವೆಲ್ಲ ಹೆಬ್ಬೆರಳ ಮೇಲಿತ್ತು.

ಕಿಟಕಿಯ ಪಕ್ಕ ಅವನ ಹೆಂಡತಿ ದ್ರೌಪದಮ್ಮ ಮುಂದಿನ ಸೀಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದು ಹಲ್ಲು ಕಚ್ಚಿದ್ದಳು. ಬೆಳಗಿನ ಜಾವದಿಂದ ನೋವು. ಸೂಲಗಿತ್ತಿ ಮುನಿಕೆಂಪಮ್ಮ ಹೊಟ್ಟೆ ಸವರಿ ನೋಡಿ ಕೈ ಹಿಂದಕ್ಕೆ ತೆಗೆದಿದ್ದಳು. "ಕೂಸು ಅಡ್ಡ ಬಿದ್ದೈತೆ. ನನ್ ಕೈಲಾಗಾಕಿಲ್ಲ ಕಣಪ್ಪ. ಬೆಂಗ್ಳೂರಿನ ದೊಡ್ಡಾಸ್ಪತ್ರೆಗೆ ಎತ್ತಾಕ್ಕಂಡ್ ಓಗು. ವೊತ್ತು ಮಾಡಿದ್ರೆ ತಾಯೂ ಇಲ್ಲ, ಮಗೂನೂ ಇಲ್ಲ."

ಹೋದ ವರ್ಷದವರೆಗೆ ಈ ಬಳ್ಳಾರಿ ರಸ್ತೆಯಲ್ಲಿ ಸಾಹುಕಾರರೊಬ್ಬರ ಮೂತಿ ಬಸ್ಸು ಓಡುತ್ತಿತ್ತು. ಅದರಲ್ಲಿ ಎಲ್ಲರಿಗೂ ಅವರವರ ಜಾಗ ಗೊತ್ತಿತ್ತು. ಊರಿನವರು ಒಳಗೆ, ಕೇರಿಯವರು ಮೇಲೆ, ಸೊಪ್ಪಿನ ಕುಕ್ಕೆಗಳ ನಡುವೆ. ಈಗ ಸರ್ಕಾರ ಬಸ್ಸುಗಳನ್ನೆಲ್ಲ ತನ್ನ ಕೈಗೆ ತೆಗೆದುಕೊಂಡು, ಚಪ್ಪಟೆ ಮುಖದ ಹೊಸ ಬಸ್ಸು ಬಿಟ್ಟಿತ್ತು. ಅದಕ್ಕೆ ಮೇಲೆ ಹತ್ತುವ ಏಣಿಯೇ ಇರಲಿಲ್ಲ.

ಊರ ಮುಂದಿನ ಗೋಣಿಮರದಡಿ ಬಸ್ಸು ನಿಲ್ಲುತ್ತಿತ್ತು. ಆದರೆ ಪಟೇಲ ಲಕ್ಕಣ್ಣ ಆ ಮರಕ್ಕೆ ಕಲ್ಲು ಕಟ್ಟೆ ಕಟ್ಟಿಸಿದ ಮೇಲೆ ಕೇರಿಯವರು ಅಲ್ಲಿ ಕಾಯುವಂತಿರಲಿಲ್ಲ. ಅದಕ್ಕೇ ಮುನಿಆಂಜಿನಪ್ಪ ನೋವು ತಿನ್ನುತ್ತಿದ್ದ ಹೆಂಡತಿಯನ್ನು ಯಲಹಂಕದ ಕಡೆಗೆ ಹಿಂದಕ್ಕೆ ನಡೆಸಿಕೊಂಡು ಹೋಗಿ, ಮೋರಿಯ ಹತ್ತಿರ ಬಸ್ಸು ಹತ್ತಿಸಿದ್ದ. ಮೊದಲು ಹತ್ತಿದ್ದರಿಂದ ಸೀಟು ಸಿಕ್ಕಿತ್ತು. ಮೂವರು ಕೂರುವ ಸೀಟಿನಲ್ಲಿ ಗಂಡ, ಹೆಂಡತಿ. ಮೂರನೆಯ ಜಾಗ ಖಾಲಿ. ಮಿಕ್ಕ ಬಸ್ಸು ಭರ್ತಿ.

ಗೋಣಿಮರ ಬಂತು. ಹತ್ತಿದವನು ಒಬ್ಬನೇ: ಕರಿ ಕೋಟು, ಮಲ್ಲು ಪಂಚೆ, ಕಂಕುಳಲ್ಲಿ ಕೊಡೆ. ಲಕ್ಕಣ್ಣ.

"ಯಾವನ್ಲಾ ಅವ್ನು? ಅಂಜಿನನೇನ್ಲಾ? ಅಬ್ಬಬ್ಬಬ್ಬಾ! ಮದ್ವೆ ಗಂಡು ಕುಂತಂಗೆ ಕುಂತವ್ನಲ್ಲಪ್ಪ ನನ್ಮಗ! ಆರತಿ ತರ್ಸಾನಾ?"

ಮುನಿಆಂಜಿನಪ್ಪ ಚಿಮ್ಮಿ ಎದ್ದ. ಮೇಲಿನ ಸರಳು ತಲೆಗೆ ಬಡಿಯಿತು. "ಕುಂತಿಲ್ಲ ಬುದ್ದಿ, ನಾ ಕುಂತೇ ಇಲ್ಲ..."

"ಕೂರೋ!" ದಸ್ತಗೀರ್ ಕೂಗಿದ. ಕೂತ.

"ಏಳ್ಲಾ!" ಲಕ್ಕಣ್ಣ ಗದರಿದ. ಎದ್ದ.

"ಕೂರೋ ಅಂದ್ರೆ!"

ಮುಂದೆ ಯಾರೋ ಕಿಸಕ್ಕೆಂದು ನಕ್ಕರು. ಮುನಿಆಂಜಿನಪ್ಪ ಕೂರಲೂ ಆಗದೆ ನಿಲ್ಲಲೂ ಆಗದೆ ನಡು ಬಗ್ಗಿಸಿ ಹಾಗೇ ಉಳಿದ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು.

ಲಕ್ಕಣ್ಣ ಬಸ್ಸಿನೊಳಗೆ ಕಣ್ಣಾಡಿಸಿದ. "ಯಾರಾನಾ ಒಬ್ರು ಓಗಿ ಅವ್ರ ಪಕ್ಕ ಕುಂತ್ಕೊಳ್ರೋ. ನಂಗೆ ಇತ್ಲಾಗ್ ಜಾಗ ಬಿಡ್ರೋ."

ಇಡೀ ಬಸ್ಸಿಗೆ ಒಟ್ಟಿಗೇ ಕಿಟಕಿಯಾಚೆಯ ಗಿಡಮರಗಳ ಮೇಲೆ ಪ್ರೀತಿ ಬಂತು. ಲಕ್ಕಣ್ಣನ ದಾಯಾದಿ ವೆಂಕಟಲಕ್ಷ್ಮಮ್ಮ ಸೆರಗು ಬಾಚಿ ಮಡಿಲಿಗೆ ಹಾಕಿಕೊಂಡಳು. "ದ್ಯಾವ್ರಿಗೆ ಅರಕೆ ಒತ್ತಿವ್ನಿ ಕಣಣ್ಣ. ಮೈಲ್ಗೆ ಆಯ್ತದೆ."

"ಸೀಟ್ ಖಾಲಿ ಇದೆ ಸ್ವಾಮಿ," ದಸ್ತಗೀರ್ ಸೀಟಿ ಬಾಯಿಗಿಟ್ಟುಕೊಂಡು, ಮತ್ತೆ ತೆಗೆದ. ಅವನ ದನಿಯೂ ಇಳಿದಿತ್ತು. "ಕೂತ್ಕೊಳ್ಳಿ, ಇಲ್ಲಾ ಇಳೀರಿ. ನಿಂತಿದ್ರೆ ಬಸ್ ಬಿಡೋಕ್ಕಾಗಲ್ಲ. ನನ್ ಹೊಟ್ಟೆ ಮೇಲೆ ಹೊಡೀಬೇಡಿ."

"ಈ ನನ್ಮಕ್ಳನ್ನ ಇಳಿಸ್ಲಾ ಮೊದ್ಲು!"

"ಟಿಕೆಟ್ ತಗೊಂಡವ್ರೆ. ನಾನೆಂಗೆ ಇಳಿಸ್ಲಿ?"

ದ್ರೌಪದಮ್ಮನ ಬಾಯಿಂದ ಒಂದು ದನಿ ಹೊರಟು ಅರ್ಧಕ್ಕೇ ನಿಂತಿತು. ಬಸ್ಸು ನಿಂತಲ್ಲೇ ಗುರುಗುಟ್ಟುತ್ತಿತ್ತು.

ಲಕ್ಕಣ್ಣ ಈಗ ಬೈಯಲಿಲ್ಲ. ಕೊಡೆಯೂರಿ ಬಗ್ಗಿ, ನೆಂಟರ ಯೋಗಕ್ಷೇಮ ಕೇಳುವವನಂತೆ ಮೆತ್ತಗೆ ಕೇಳಿದ. "ಅಂಜಿನ, ನಿಮ್ಮವ್ವ ಗುಡಿಸ್ಲಲ್ಲೇ ಅವ್ಳಾ?"

"...ಊಂ ಬುದ್ದಿ."

"ಒಬ್ಳೇನಾ? ಕಣ್ ಕಾಣಾಕಿಲ್ಲ ಅಲ್ವಾ ಮುದುಕಿಗೆ? ಪಾಪ. ಉಲ್ಲಿನ್ ಗುಡಿಸ್ಲು ಬ್ಯಾರೆ."

ಹೋದ ಬೇಸಿಗೆಯಲ್ಲಿ ಪಕ್ಕದ ಗುಡಿಸಲಿನ ನರಸಯ್ಯ ಕೇರಿಗೊಂದು ಬಾವಿ ಬೇಕೆಂದು ಅಮಲ್ದಾರರನ್ನು ಕಂಡು ಬಂದಿದ್ದ. ಮಾರನೆಯ ದಿನ ಮಟಮಟ ಮಧ್ಯಾಹ್ನ ಅವನ ಗುಡಿಸಲು ಹೊತ್ತಿ ಉರಿಯಿತು. ಬಂದ ಪೊಲೀಸರು ಲಕ್ಕಣ್ಣನ ಜಗಲಿಯಲ್ಲಿ ಮಜ್ಜಿಗೆ ಕುಡಿದು, ಒಲೆಯ ಕಿಡಿ ಹಾರಿತು ಎಂದು ಹೇಳಿ ಹೋದರು. ನರಸಯ್ಯನ ಮನೆಯಲ್ಲಿ ಆ ದಿನ ಒಲೆಯನ್ನೇ ಹಚ್ಚಿರಲಿಲ್ಲ.

ಮುನಿಆಂಜಿನಪ್ಪ ಬಾಗಿಲ ಕಡೆ ನಡೆದ. "ಬಾ ಅಮ್ಮಿ, ಇಳ್ಯವ. ನಡ್ಕಂಡೇ ಓಗವ. ಬಾ ನನ್ನವ್ವ, ಬಾ..."

"ನಡ್ಯಾದಾ?" ದ್ರೌಪದಮ್ಮ ಸರಳು ಬಿಡಲಿಲ್ಲ. "ನೀನಿಳಿ. ನಾ ಇಳಿಯಾಕಿಲ್ಲ."

"ಅವ್ವ ಒಬ್ಳೇ ಅವ್ಳೆ ಕಣೇ..."

"ನನ್ ಒಟ್ಟೇಲಿ ಒಂದೈತೆ, ಅದೂ ಒಂದೇ ಐತೆ!" ಅವಳು ಕತ್ತು ತಿರುಗಿಸಿದಳು. ಕಣ್ಣು ಕೆಂಪಾಗಿತ್ತು. "ಗೌಡ, ಕುಂತ್ಕೊಂಡ್ರೆ ಕುಂತ್ಕೋ, ಇಳಿದ್ರೆ ಇಳಿ. ನಾ ಸಾಯ್ತಾ ಇವ್ನಿ, ನಂಗೆ ಬಸ್ಸು ಓಗ್ಬೇಕು."

ಬುದ್ದಿ ಇಲ್ಲ, ಸಾಮಿ ಇಲ್ಲ. ಮುನಿಆಂಜಿನಪ್ಪ ಬಾಗಿಲಿಂದ ತಿರುಗಿ ಬಂದ. ಲಕ್ಕಣ್ಣನ ಕಾಲಿಗೆ ಬೀಳಲೆಂದು ಬಂದನೋ, ಹೆಂಡತಿಯ ಬಾಯಿ ಮುಚ್ಚಲೆಂದು ಬಂದನೋ ಅವನಿಗೇ ತಿಳಿಯದು. ಎರಡೂ ಮಾಡಲಿಲ್ಲ. ಧೊಪ್ಪೆಂದು ಹೆಂಡತಿಯ ಪಕ್ಕ ಕುಸಿದ. ಲಕ್ಕಣ್ಣ ಮತ್ತೊಮ್ಮೆ "ಏಳ್ಲಾ" ಎಂದ. ಮುನಿಆಂಜಿನಪ್ಪ ಏಳಲಿಲ್ಲ. ಹೆಂಡತಿಯ ಬೆವೆತ ಕೈ ಅವನ ರಟ್ಟೆಯನ್ನು ಉಗುರು ಇಳಿಯುವಂತೆ ಹಿಡಿದಿತ್ತು.

ಲಕ್ಕಣ್ಣ ಅವನನ್ನೇ ನೋಡಿದ. ಆಮೇಲೆ ಕೊಡೆ ಕಂಕುಳಿಗೆ ಸಿಕ್ಕಿಸಿಕೊಂಡು, ಪಂಚೆ ಎತ್ತಿ ಹಿಡಿದು ಇಳಿದ.

ಸೀಟಿ ಕೂಗಿತು. ಬಸ್ಸು ಹೊರಟಿತು. ದಸ್ತಗೀರ್ ಹಣೆ ಒರೆಸಿಕೊಳ್ಳುತ್ತ ಡ್ರೈವರನಿಗೆ, "ಎಲ್ಲೂ ನಿಲ್ಲಿಸ್ಬೇಡಪ್ಪ, ಹೊಡಿ, ಆಸ್ಪತ್ರೆ ಕೇಸು!" ಎಂದು ಕೂಗಿದ.

ಮುನಿಆಂಜಿನಪ್ಪ ಹಿಂದಿನ ಗಾಜಿನತ್ತ ತಿರುಗಿದ. ಲಕ್ಕಣ್ಣ ರಸ್ತೆ ನಡುವೆ ನಿಂತಿದ್ದ. ಹೆಬ್ಬಾಳದ ಕಡೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಯಾವನೋ ಅವನನ್ನು ಕಂಡು ದೂರದಲ್ಲೇ ಇಳಿದು, ತಲೆಯ ವಸ್ತ್ರ ತೆಗೆದು ಬಗ್ಗಿದ. ಲಕ್ಕಣ್ಣ ಏನೋ ಅಂದ. ಬಗ್ಗಿದವನು ಸೈಕಲ್ಲನ್ನು ಲಕ್ಕಣ್ಣನ ಕೈಗೆ ಕೊಟ್ಟ. ಲಕ್ಕಣ್ಣ ಪಂಚೆ ಸಿಕ್ಕಿಸಿ ಸೈಕಲ್ ಏರಿದ. ಊರೊಳಕ್ಕೆ ತಿರುಗಲಿಲ್ಲ. ಊರು ದಾಟಿ ಕೇರಿಯ ಕಡೆ ನೆಟ್ಟಗೆ ತುಳಿಯತೊಡಗಿದ.

ಮುನಿಆಂಜಿನಪ್ಪನ ಕೈ ತಲೆಯ ಮೇಲಿನ ಗಂಟೆಯ ಹಗ್ಗಕ್ಕೆ ಹೋಯಿತು. ಪಕ್ಕದಲ್ಲಿ ದ್ರೌಪದಮ್ಮ ಸೆರಗು ಬಾಯಿಗೆ ತುರುಕಿಕೊಂಡು ಚೀರಿದಳು. ಹಗ್ಗ ಹಿಡಿದ ಕೈ ಎಳೆಯಲೂ ಇಲ್ಲ, ಬಿಡಲೂ ಇಲ್ಲ.

ಬ್ಯಾಟರಾಯನಪುರ ದಾಟಿತು. ಗಾಜಿನಾಚೆ ಈಗ ಬರೀ ಧೂಳು. ಅವ್ವನಿಗೆ ಕಣ್ಣಿಲ್ಲದಿದ್ದರೂ ಕಿವಿ ಚುರುಕು. ಸೈಕಲ್ ಗಂಟೆ ಕೇಳಿದರೆ ಸಾಕು, ಮೊಮ್ಮಗು ಹುಟ್ಟಿದ ಸುದ್ದಿ ತಂದರೆಂದುಕೊಂಡು, ಗೋಡೆ ಸವರುತ್ತ ಬಾಗಿಲಿಗೆ ಬರುತ್ತಾಳೆ. ಬಾಯ್ತುಂಬ ನಗುತ್ತ, "ಯಾರಪ್ಪಾ? ಗಂಡಾ, ಎಣ್ಣಾ?" ಎಂದು ಕೇಳುತ್ತಾಳೆ.