ಹತ್ತೊಂಬತ್ತನೆಯ ಪೆಟ್ಟಿಗೆ

ದೇವರು ಮನುಷ್ಯನ ತಲೆಬುರುಡೆಗೆ ಕಿಟಕಿ ಇಡಲಿಲ್ಲ. ಒಳಗೆ ಏನು ಕುದಿಯುತ್ತಿದೆ ಎಂಬುದು ಹೆತ್ತವಳಿಗೂ ಕಾಣಬಾರದೆಂಬುದು ಅವನ ಚಿತ್ತವೋ ಏನೋ. ಆದರೂ ಆ ಕಿಟಕಿ ಕೊರೆಯುವ ಕೆಲಸ ಹೋಳಕ್ಕನ ಪಾಲಿಗೆ ಬಂದಿತ್ತು.

ಸತ್ತವರ ಮನೆಯವರು ದಾನ ಕೊಟ್ಟ ಮಿದುಳುಗಳನ್ನು ಕಾಪಿಡುವ ಸಂಸ್ಥೆಯಲ್ಲಿ ಅವಳು ಟೆಕ್ನಿಷಿಯನ್. ಆಳೆತ್ತರದ ಫ್ರೀಜರುಗಳು, ಒಳಗೆ ಅಂಗೈಯಗಲದ ಪೆಟ್ಟಿಗೆಗಳು. ಮೇಲೆ ಹೆಸರಿಲ್ಲ, ನಂಬರು ಮಾತ್ರ. ಸಂಶೋಧಕರು ಕೇಳಿದ ಬಗೆಯದನ್ನು ಆರಿಸಿ ತೆಗೆದು, ಕೊರೆಯುವ ಚಳಿಯ ಯಂತ್ರದಲ್ಲಿಟ್ಟು, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೋಳು ಮಾಡಿ ಗಾಜಿನ ಮೇಲೆ ಕೂರಿಸಬೇಕು. ಹನ್ನೊಂದು ವರ್ಷ ಅದನ್ನೇ ಮಾಡಿ ಮಾಡಿ ಅವಳ ಹೆಸರೇ ಹೋಳಕ್ಕ ಎಂದಾಗಿತ್ತು.

ಆ ವರ್ಷ ಅಲ್ಲಿನ ಪ್ರೊಫೆಸರಿಗೆ ಒಂದು ಯೋಜನೆ ಸಿಕ್ಕಿತು. ಇಲ್ಲದ ಮಾತು ಕಿವಿಗೆ ಕೇಳಿಸಿ, ತಾಳಲಾರದೆ ಜೀವ ಬಿಟ್ಟ ಹುಡುಗರ ಮಿದುಳಿನ ಅಧ್ಯಯನ. ಅದರ ಜೊತೆ ಒಂದು ಪಿಎಚ್‌ಡಿ ಸೀಟು, ನಾಲ್ಕು ವರ್ಷ ಫೆಲೋಶಿಪ್. ವಯಸ್ಸು ಮೂವತ್ತೈದು ಮೀರಬಾರದು. ಸಂಜೆ ಕಾಲೇಜಿನಲ್ಲಿ ಎಂಎಸ್ಸಿ ಮುಗಿಸಿದ್ದ ಹೋಳಕ್ಕನಿಗೆ ಮೂವತ್ತನಾಲ್ಕೂ ಮುಕ್ಕಾಲು.

“ಹಾಕಿಬಿಡಿ ಅಕ್ಕ,” ಎಂದ ಆಫೀಸಿನ ಗುಮಾಸ್ತ. “ಇನ್ನೊಂದು ಜಾಹೀರಾತು ಬರೋ ಹೊತ್ತಿಗೆ ನೀವು ಅಜ್ಜಿ, ನಾನು ಗೋಡೆ ಮೇಲಿನ ಫೋಟೋ. ಆದರೆ ಮೊದಲು ಪ್ರೊಫೆಸರಿಗೆ ಮೇಲ್ ಬರೀರಿ. ಅವರು ಹೂಂ ಅನ್ನದೆ ಫಾರಂ ತುಂಬಿದರೆ ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದ ಹಾಗೆ.”

ಬರೆದಳು. ಅವರು ಹೂಂ ಎಂದರು. ಆರು ಭಾನುವಾರ ಅಡುಗೆಮನೆಯ ಮೇಜಿನ ಮೇಲೆ ಕುಳಿತು ಸಂಶೋಧನಾ ಪ್ರಸ್ತಾವ ಸಿದ್ಧಪಡಿಸಿದಳು.

“ಡಾಕ್ಟರಾದ ಮೇಲೆ ನನ್ನ ಮಂಡಿ ನೋಡ್ತೀಯೇನೇ?” ಎಂದಳು ಅಮ್ಮ.

“ಅದು ಆ ಡಾಕ್ಟರಲ್ಲಮ್ಮ.”

“ಮತ್ಯಾವ ಸೌಭಾಗ್ಯಕ್ಕೆ? ಹೋಗಲಿ, ನನ್ನ ಮಗನ ತಲೆಯೊಳಗೆ ಏನಿತ್ತು ಅಂತಾದರೂ ಹೇಳು, ಸಾಕು.”

ಆ ಮಗ, ಹೋಳಕ್ಕನ ತಮ್ಮ, ಇಪ್ಪತ್ತಕ್ಕೆ ಗೋಡೆಯ ಜೊತೆ ಜಗಳವಾಡತೊಡಗಿದ್ದ. ಇಪ್ಪತ್ತೆರಡಕ್ಕೆ ತಾನಾಗಿಯೇ ಜೀವ ಬಿಟ್ಟ. ಎಂಟು ವರ್ಷವಾಗಿತ್ತು. ಅವತ್ತು ಅಮ್ಮನ ಕೈಗೆ ಪೆನ್ನು ಕೊಟ್ಟು ದಾನದ ಕಾಗದಕ್ಕೆ ಸಹಿ ಹಾಕಿಸಿದವಳು ಇವಳೇ. “ಯಾರಿಗಾದರೂ ಉಪಯೋಗಕ್ಕೆ ಬರ್ತಾನಾ?” ಎಂದು ಅಮ್ಮ ಕೇಳಿದ್ದಳು. ಆಮೇಲೂ ವರ್ಷಕ್ಕೊಮ್ಮೆ ಕೇಳುವಳು, “ಬಂದನಾ?” ಇವಳು, “ಬಂದ ಅಮ್ಮ” ಎನ್ನುವಳು. ಆ ಒಂದು ಮಾತಿನ ಮೇಲೆ ಅಮ್ಮನ ವರ್ಷ ಕಳೆಯುತ್ತಿತ್ತು.

ಸಂದರ್ಶನದ ದಿನ ಪ್ರೊಫೆಸರ್ ಅವಳ ಪ್ರಸ್ತಾವವನ್ನು ಮುಂದಿಟ್ಟುಕೊಂಡಿದ್ದರು, ಪಕ್ಕದಲ್ಲಿ ಪೆಟ್ಟಿಗೆಗಳ ರಿಜಿಸ್ಟರು.

“ಚೆನ್ನಾಗಿದೆಯಮ್ಮ. ಕೆಲಸ ಬಲ್ಲ ಕೈ ಬರೆದದ್ದು ಅಂತ ಗೊತ್ತಾಗುತ್ತೆ. ಒಂದೇ ಅನುಮಾನ. ಈ ಬಗೆಯ ಪೆಟ್ಟಿಗೆ ಹದಿನೆಂಟು ಅಂತ ಬರೆದಿದ್ದೀರಿ. ಇಲ್ಲಿ ಹತ್ತೊಂಬತ್ತಿದೆ.”

ಹೋಳಕ್ಕ ಆ ಹಾಳೆಯನ್ನು ನಲವತ್ತು ಸಲ ಓದಿದ್ದಳು. ಪ್ರತಿ ಸಲವೂ ಹದಿನೆಂಟು ಸರಿಯಾಗಿಯೇ ಕಂಡಿತ್ತು. ಎಂಟು ವರ್ಷದಿಂದ ಅವಳ ಕಣ್ಣು ಹಾಗೆ ಎಣಿಸಿಯೇ ಪಳಗಿತ್ತು.

“ಟೈಪ್ ಮಾಡುವಾಗ ತಪ್ಪಿತೇನೋ?” ಎಂದು ಅವರೇ ದಾರಿ ತೋರಿಸಿದರು.

ಹೂಂ ಎಂದಿದ್ದರೆ ಸೀಟು ಅವಳದಾಗುತ್ತಿತ್ತು. ಆ ಹೂಂ ನಾಲಿಗೆಯ ತುದಿಯವರೆಗೂ ಬಂತು. ಬೇರೆ ಯಾರೂ ಇಲ್ಲದ ಕೋಣೆಯಲ್ಲಿ ಯಾರೋ ಕಿವಿಗೊಟ್ಟು ಕುಳಿತಿದ್ದಾರೆ ಅನ್ನಿಸುವ ಗಳಿಗೆ ಎಲ್ಲರಿಗೂ ಒಮ್ಮೆ ಬರುತ್ತದೆ. ಭಗವಂತನಿಗೆ ಬೇರೆ ಪೀಠ ಬೇಕಿಲ್ಲ.

“ಹತ್ತೊಂಬತ್ತನೆಯದು ನನ್ನ ತಮ್ಮ, ಸರ್.”

ತಮ್ಮನ ಸಾವಿನ ರಜೆ ಮುಗಿಸಿ ಬಂದಾಗ ರಿಜಿಸ್ಟರಿನಲ್ಲಿ ಅವನು ಹೋದ ತಾರೀಖಿಗೆ ಒಂದೇ ಹೊಸ ನಂಬರಿತ್ತು. ಆ ಪೆಟ್ಟಿಗೆಯನ್ನು ಫ್ರೀಜರಿನ ಕೆಳಗಿನ ಅರೆಯ ಹಿಂದಕ್ಕೆ ತಳ್ಳಿದ್ದಳು. ಯಾರು ಎಂಥ ಪಟ್ಟಿ ತಂದರೂ ಅದೊಂದನ್ನು ದಾಟಿ ಪಕ್ಕದ್ದನ್ನು ಕೊಟ್ಟಿದ್ದಳು. ಎಲ್ಲವನ್ನೂ ಹೇಳಿದಳು.

ಪ್ರೊಫೆಸರ್ ರಿಜಿಸ್ಟರಿನ ಆ ಪುಟ ತೆಗೆದರು. ಉಳಿದ ಪೆಟ್ಟಿಗೆಗಳ ಎದುರು ಅವನ್ನು ಪಡೆದ ಸಂಶೋಧಕರ ಐದು, ಆರು ಸಹಿಗಳಿದ್ದವು. ಹತ್ತೊಂಬತ್ತನೆಯದರ ಎದುರು ಬಿಳಿ.

“ಗುರುತು ಹತ್ತಿದ ದಿನವೇ ಹೇಳಿದ್ದರೆ ಬೇರೆಯವರಿಂದ ಮಾಡಿಸ್ತಿದ್ದೆವು. ನಿಯಮ ಅಷ್ಟೇ ಇತ್ತಲ್ಲಮ್ಮ. ನೀವು ಪಟ್ಟಿಯ ಪ್ರಕಾರವೇ ಆರಿಸಿ ಕೊಟ್ಟಿದ್ದೀರಿ ಅಂತ ನಂಬಿ ನಾಲ್ಕು ಜನ ಪ್ರಬಂಧ ಬರೆದಿದ್ದಾರೆ. ಅವರಿಗೆಲ್ಲ ನಾನೀಗ ಏನಂತ ಕಾಗದ ಹಾಕಲಿ?”

“ಸೀಟು, ಸರ್?”

“ನನ್ನ ಜಾಗದಲ್ಲಿ ಕೂತು ನೀವೇ ಹೇಳಿ.”

ದನಿ ಏರಲಿಲ್ಲ. ಏರಿದ್ದರೆ ತಡೆದುಕೊಳ್ಳಬಹುದಿತ್ತು.

ಮನೆಯಲ್ಲಿ ಅಮ್ಮ ಬಟ್ಟೆ ಮಡಿಸುತ್ತಿದ್ದಳು. ಹೋಳಕ್ಕ ಚಪ್ಪಲಿಯನ್ನೂ ಬಿಡದೆ ನಿಂತಲ್ಲೇ ಹೇಳಿದಳು, ಸೀಟಿನದನ್ನೂ ಪೆಟ್ಟಿಗೆಯದನ್ನೂ.

“ಎಂಟು ವರ್ಷ ಬಂದ ಬಂದ ಅಂದೆಯಲ್ಲೇ.”

“ಆಗಲಿಲ್ಲಮ್ಮ. ತಲೆ ಬಾಚಿ ಶಾಲೆಗೆ ಕಳಿಸಿದ ಕೈ ಇದು. ಅದೇ ಕೈಯಿಂದ ಹೇಗೆ...”

“ಉಳಿದ ಹದಿನೆಂಟೂ ಹೆತ್ತವರಿಲ್ಲದೆ ಬಿದ್ದಿದ್ದವೇನೇ?” ಅಮ್ಮ ಮಡಿಸಿದ ಸೀರೆಯನ್ನು ಕೊಡವಿ ಮತ್ತೆ ಮಡಿಸಿದಳು. “ಆ ತಾಯಂದಿರೂ ಸಹಿ ಹಾಕಿ ಕೊಟ್ಟವರೇ. ಅವರ ಮಕ್ಕಳಿಗೆ ನಡುಗದ ಕೈ, ನನ್ನ ಮಗನನ್ನು ಮಾತ್ರ ಮೂಲೆಗೆ ಹಾಕಿತಾ?”

ಅಮ್ಮ ಅಳಲಿಲ್ಲ, ಬಯ್ಯಲೂ ಇಲ್ಲ. ಮಾತು ಬಿಟ್ಟಳು. ತಟ್ಟೆ ಇಟ್ಟು ಒಳಗೆ ಹೋಗುವಳು, ಎತ್ತಲು ಬರುವಳು.

ಸೀಟು ಬೇರೆ ಊರಿಂದ ಬಂದ ಒಬ್ಬ ಹುಡುಗಿಗೆ ಹೋಯಿತು. ಪೆಟ್ಟಿಗೆ ಆರಿಸುವ ಅಧಿಕಾರವನ್ನು ಹೋಳಕ್ಕನಿಂದ ಕಿತ್ತುಕೊಂಡು, ಎತ್ತಿಕೊಡುವ ಕೆಲಸವನ್ನಷ್ಟೇ ಉಳಿಸಿದರು. ಹತ್ತೊಂಬತ್ತನೆಯದನ್ನು ತಾನೇ ತೆಗೆಯುತ್ತೇನೆಂದು ಅವಳೇ ಕೇಳಿಕೊಂಡಳು. ದಪ್ಪ ಗ್ಲೌಸು ಹಾಕಿ, ಮಂಡಿಯೂರಿ, ಅರೆಯ ಹಿಂದಕ್ಕೆ ತೋಳು ಚಾಚಿದಳು. ಹಿಮ ಕಟ್ಟಿ ತಳಕ್ಕೆ ಅಂಟಿಕೊಂಡಿತ್ತು. ಅಲುಗಿಸಿ ಅಲುಗಿಸಿ ಬಿಡಿಸಬೇಕಾಯಿತು.

“ಅಯ್ಯೋ, ಇದರ ಚೀಟಿ ಎಷ್ಟು ಹೊಸದಾಗಿದೆ ಅಕ್ಕ!” ಎಂದಳು ಹುಡುಗಿ. ಅವಳಿಗೆ ಏನೂ ಗೊತ್ತಿರಲಿಲ್ಲ.

“ಯಾರೂ ಮುಟ್ಟಿಲ್ಲ,” ಎಂದು ಕೊಟ್ಟು ಹೋಳಕ್ಕ ಹೊರಬಂದಳು. ಮನೆಯವರದನ್ನು ಹೋಳು ಮಾಡುವಾಗ ಒಳಗೆ ಇರುವುದು ನಿಯಮಕ್ಕೆ ವಿರುದ್ಧ.

ಬಾಗಿಲಾಚೆ ಹೋಳು ತೆಗೆಯುವ ಯಂತ್ರದ ಕೈಚಕ್ರ ತಿರುಗತೊಡಗಿತು. ಹುಡುಗಿಯ ಕೈಯಿನ್ನೂ ಎಳಸು. ಅರ್ಧ ಸುತ್ತಿಗೆ ಚಕ್ರ ತಡವರಿಸಿ ನಿಂತಿತು. ಮೊದಲ ಹೋಳು ಹರಿದುಹೋಯಿತೆಂದು ಹೋಳಕ್ಕನಿಗೆ ಸದ್ದಿನಲ್ಲೇ ತಿಳಿಯಿತು. ಹೇಗೆ ಹಿಡಿಯಬೇಕೆಂದು ತೋರಿಸಲು ಅವಳ ಕೈ ತಾನಾಗಿ ಬಾಗಿಲ ಹಿಡಿಗೆ ಹೋಯಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿದಳು.

ಚಕ್ರ ಮತ್ತೆ ತಿರುಗಿತು.