ಕಮಾನಿಗೆ ಒಂದು ಬಳ್ಳಿ

“ಬಿಸಿಲು ಎಷ್ಟು ಹೊತ್ತು ಬೀಳತ್ತೆ ಅಲ್ಲಿ?” ಎಂದು ಕೇಳುತ್ತ ಕುಂಡಗಳ ಸಾಲಿನ ಹಿಂದಿನಿಂದ ಎದ್ದು ನಿಂತವಳನ್ನು ಕಂಡು ಹೊಲಿಗೆಯಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಮೊಣಕೈವರೆಗೆ ಮಣ್ಣು ಮೆತ್ತಿಕೊಂಡಿದ್ದ ಆ ಹೆಂಗಸು ಅವಳ ಸೊಸೆ. ಅಲ್ಲ, ಸೊಸೆಯಾಗಿದ್ದವಳು. ಮಗ ಅವಳನ್ನು ಬಿಟ್ಟು ಮೂರು ವರ್ಷವಾಗಿತ್ತು. ಅಥವಾ ಅವಳೇ ಮಗನನ್ನು ಬಿಟ್ಟಿದ್ದಳು. ಯಾರು ಯಾರನ್ನು ಬಿಟ್ಟರು ಎಂಬುದು ಹೊಲಿಗೆಯಮ್ಮನಿಗೆ ಇವತ್ತಿಗೂ ಬಗೆಹರಿದಿರಲಿಲ್ಲ. ಜಗಳವಿಲ್ಲ, ಕೂಗಾಟವಿಲ್ಲ. ಒಂದು ಬೆಳಿಗ್ಗೆ ಮಗ ತಟ್ಟೆ ನೋಡುತ್ತಲೇ “ನಮಗೆ ಹೊಂದ್ಲಿಲ್ಲ ಅಮ್ಮ” ಎಂದಿದ್ದ, ಅಷ್ಟೇ.

ಬಸ್ ಸ್ಟಾಪಿನ ಎದುರಿಗೇ ಹೊಸ ನರ್ಸರಿ ಕಂಡಿತೆಂದು ಹೊಲಿಗೆಯಮ್ಮ ಒಳಗೆ ಬಂದು, ಗೇಟಿನ ಕಮಾನಿಗೆ ಹಬ್ಬಿಸುವ ಹೂಬಳ್ಳಿ ಬೇಕು ಎಂದು ಕೂಗಿ ಕೇಳಿದ್ದಳು. ಇವಳು ಇಲ್ಲಿ ಕೆಲಸಕ್ಕಿದ್ದಾಳೆಂದು ಗೊತ್ತಿದ್ದರೆ ಈ ಕಡೆ ತಲೆಹಾಕುತ್ತಿರಲಿಲ್ಲ.

“ಬನ್ನಿ,” ಎಂದಳು ಹಳೇ ಸೊಸೆ. ಅತ್ತೆ ಅನ್ನಲಿಲ್ಲ, ಅಮ್ಮ ಅನ್ನಲಿಲ್ಲ.

ಹೊಲಿಗೆಯಮ್ಮನದು ಅದಕ್ಕಿಂತ ದೊಡ್ಡ ಪೇಚು. ಐದು ವರ್ಷ ‘ಏನೇ, ಬಾರೇ’ ಎಂದವಳನ್ನು ಈಗ ‘ನೀನು’ ಎನ್ನುವುದೋ ‘ನೀವು’ ಎನ್ನುವುದೋ? ನೀನು ಎಂದರೆ ಇನ್ನೂ ಹಕ್ಕಿದೆ ಎಂದುಕೊಂಡ ಹಾಗೆ. ನೀವು ಎಂದರೆ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಎರಡರ ಗೊಡವೆಯೂ ಬೇಡವೆಂದು ಗಿಡಗಳನ್ನು ನೋಡುತ್ತ, “ಎಲ್ಲಾ ಚೆನ್ನಾಗಿ ನಡೀತಿದೆಯಾ?” ಎಂದಳು.

“ನಡೀತಿದೆ. ಗೇಟಿಗೆ ಅಂದ್ರಲ್ಲ, ಹಾಗಾದ್ರೆ ಕಾಗದದ ಹೂ ಬೇಡ. ಅದಕ್ಕೆ ದಿನವಿಡೀ ಬಿಸಿಲು ಬೇಕು. ಅಲ್ಲಿ ಹತ್ತೂವರೆಗೆಲ್ಲ ಪಕ್ಕದ ಮನೆ ನೆರಳು ಬಂದ್ಬಿಡತ್ತೆ. ಬಳ್ಳಿಗುಲಾಬಿನೂ ಬೇಡ. ನೀವು ಬಟ್ಟೆ ಗಂಟು ಹಿಡ್ಕೊಂಡು ಓಡಾಡೋ ಜಾಗ, ಮುಳ್ಳು ಸಿಕ್ಕತ್ತೆ. ಜಾಜಿ ತಗೊಳ್ಳಿ. ಅರೆಬಿಸಿಲಲ್ಲೂ ಮೈತುಂಬ ಬಿಡತ್ತೆ, ಘಮಘಮ ಅನ್ನತ್ತೆ.”

“ಘಮ ಬೇಡವಂತೆ.”

“ಯಾರಿಗೆ?”

“ನನಗೇ,” ಎಂದಳು ಹೊಲಿಗೆಯಮ್ಮ. ತನಗೇ ಬೇಡವಾದರೆ ಯಾರಾದರೂ ‘ಬೇಡವಂತೆ’ ಅನ್ನುತ್ತಾರೆಯೇ?

ಹಳೇ ಸೊಸೆ ಕೆದಕಲಿಲ್ಲ. ಕಮಾನಿನ ಅಳತೆ ಕೇಳಿದಳು. ಕನ್ನಡಕ ತಂದಿರದ ಹೊಲಿಗೆಯಮ್ಮ ಪರ್ಸಿನಿಂದ ಚೀಟಿ ತೆಗೆದು ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ಅವಳ ಕೈಗೇ ಕೊಟ್ಟಳು. ಕೊಟ್ಟಮೇಲೆ ನೆನಪಾಯಿತು: ಅದು ಹೊಸ ಸೊಸೆಯ ಕೈಬರಹ.

‘ಅಗಲ ನಾಲ್ಕು ಅಡಿ, ಎತ್ತರ ಏಳು. ವಾಸನೆ ಇರೋ ಹೂ ಬೇಡ, ಇವರಿಗೆ ಸೀನು ಬರತ್ತೆ.’

‘ಇವರಿಗೆ’ ಎಂಬ ಆ ಒಂದು ಪದದ ಮೇಲೆ ಅವಳ ಕಣ್ಣು ನಿಂತದ್ದು ಹೊಲಿಗೆಯಮ್ಮನಿಗೆ ಕಾಣಿಸಿತು.

“ಯಾವಾಗ ಆಯ್ತು?”

“ಎಂಟು ತಿಂಗಳು. ರಿಜಿಸ್ಟರ್ ಆಫೀಸಲ್ಲಿ. ಯಾರನ್ನೂ ಕರೀಲಿಲ್ಲ.”

“ಒಳ್ಳೇದಾಯ್ತು ಬಿಡಿ.” ಅವಳು ಚೀಟಿಯನ್ನು ಮಡಿಸಿದಳು. ಮತ್ತೆ ಬಿಚ್ಚಿದಳು. “ಆದ್ರೆ ಅತ್ತೆ, ಅವರಿಗೆ ಈ ಸೀನು ಯಾವಾಗಿಂದ? ದಿನಾ ಸಂಜೆ ಜಾಜಿ ತಂದು ದಿಂಬಿನ ಪಕ್ಕ ಇಟ್ಕೊಂಡು ಮಲಗ್ತಿದ್ರಲ್ಲ. ಒಂದು ದಿನಾನೂ ಸೀನಿದ್ದು ನಾ ಕಾಣೆ.”

ನಿಜ. ಹೆತ್ತವಳಿಗೆ ಗೊತ್ತಿಲ್ಲವೇ? ಮೆಣಸಿನಪುಡಿಗೆ ಸೀನುತ್ತಿದ್ದ, ಹತ್ತಿಬಟ್ಟೆ ಹರಿದಾಗ ಏಳುವ ನವಿರು ದೂಳಿಗೆ ಸೀನುತ್ತಿದ್ದ. ಹೂವಿಗೆ ಎಂದೂ ಇಲ್ಲ. ಚೀಟಿ ಕೈಗೆ ಬಂದಾಗ ಇದೇಕೆ ಹೊಳೆಯಲಿಲ್ಲ? ಮಗ ಸುಳ್ಳು ಹೇಳಿದನೇ? ಹೇಳಿದ್ದರೆ ಹೊಸ ಹೆಂಡತಿಯ ಮೇಲಿನ ಅಕ್ಕರೆಗೋ, ಹಳೆಯದು ನೆನಪಾಗದಿರಲೆಂದೋ, ನೆನಪು ಕೆಡದಿರಲೆಂದೋ? ಒಂದೊಂದು ಎಳೆ ಹಿಡಿದು ಎಳೆದಷ್ಟೂ ಗಂಟು ಬಿಗಿಯಾಯಿತು.

“ನಂಗೊಂದೂ ಅರ್ಥ ಆಗಲ್ಲ ಕಣೇ,” ಎಂದುಬಿಟ್ಟಳು.

“ನಂಗೂ ಅತ್ತೆ.”

ಆಮೇಲೆ ಹಳೇ ಸೊಸೆ ಒಂದು ಕೈಯಲ್ಲಿ ಜಾಜಿಯ ಸಸಿ, ಇನ್ನೊಂದರಲ್ಲಿ ನೀಲಿ ಶಂಖಪುಷ್ಪದ ಸಸಿ ಎತ್ತಿಕೊಂಡು ಬಂದಳು. “ಇದಕ್ಕೆ ಘಮ ಇಲ್ಲ. ಅರೆಬಿಸಿಲಲ್ಲೂ ಬರತ್ತೆ. ಯಾವುದು ಕೊಡ್ಲಿ, ನೀವೇ ಹೇಳಿ.”

ಹೊಲಿಗೆಯಮ್ಮ ಒಂದರಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದಳು. ಜಾಜಿಯತ್ತ ಕೈ ಹೋಯಿತು. ಅದನ್ನು ಗೇಟಿಗೆ ನೆಟ್ಟು, ಯಾವ ತಪ್ಪೂ ಮಾಡದ ಆ ಹೊಸ ಹುಡುಗಿಗೆ ಏನೆಂದು ಹೇಳುವುದು?

“ನೀಲೀದೇ ಕೊಡು. ಕಮಾನಿನ ಎರಡು ಕಾಲಿಗೆ ಎರಡು.”

ಹಳೇ ಸೊಸೆ ತಲೆಯಾಡಿಸಿದಳು. ಜಾಜಿಯನ್ನು ಅದರ ಜಾಗಕ್ಕೆ ಇಟ್ಟು, ಅದರಲ್ಲಿದ್ದ ಒಂದೇ ಒಂದು ಹಣ್ಣೆಲೆಯನ್ನು ಬಹಳ ನಿಧಾನವಾಗಿ ಕಿತ್ತಳು.

ಮಧ್ಯಾಹ್ನವೇ ಅತ್ತೆ, ಹೊಸ ಸೊಸೆ ಸೇರಿ ಸಸಿ ನೆಟ್ಟರು. “ಬಣ್ಣ ಎಷ್ಟು ಚೆನ್ನಾಗಿದೆ ಅತ್ತೆ! ಎಲ್ಲಿ ಸಿಕ್ತು?” ಎಂದು ಅವಳು ಕೇಳಿದಾಗ ಹೊಲಿಗೆಯಮ್ಮ, “ಬಸ್ ಸ್ಟಾಪಿನ ಹತ್ರ,” ಎಂದಷ್ಟೇ ಹೇಳಿದಳು.

ಸಂಜೆ ಹೊಲಿಗೆಯಮ್ಮ ಕಿಟಕಿಯ ಬಳಿ ಸ್ಕೂಲ್ ಯೂನಿಫಾರ್ಮಿಗೆ ಕಾಲರ್ ಕೂರಿಸುತ್ತಿದ್ದಾಗ ಮಗ ಕೆಲಸದಿಂದ ಬಂದ. ಗೇಟು ದಾಟಿದವನು ಹಿಂದಕ್ಕೆ ಬಂದು ಕಮಾನಿನ ಬಲಗಾಲಿನ ಬಳಿ ನಿಂತ. ಬೆಳಿಗ್ಗೆ ಅರಳಿದ್ದ ಹೂವೊಂದು ಅಂಚು ಮುದುಡಿಕೊಂಡು ಉಳಿದಿತ್ತು. ಅವನು ಬಾಗಿಲ ಕಡೆ ಒಮ್ಮೆ ನೋಡಿ, ಬಗ್ಗಿ, ಹೂವಿಗೆ ಮೂಗು ತಾಗಿಸಿ ಕಣ್ಣು ಮುಚ್ಚಿದ.

“ಬಂದ್ರಾ? ಬಳ್ಳಿ ನೋಡಿದ್ರಾ?” ಒಳಗಿನಿಂದ ಹೆಂಡತಿಯ ದನಿ.

“ನೋಡ್ದೆ. ಚೆನ್ನಾಗಿದೆ,” ಎಂದ ಅವನು, ಎದ್ದು, ಎಡಗಾಲಿನ ಸಸಿಯತ್ತ ನಡೆದು, ಅಲ್ಲಿಯೂ ಬಗ್ಗಿದ.